ಎರಡು ನಾಯಿಗಳ ಜೊತೆ ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆ ಹೋಗುತ್ತಿದ್ದೇವೆ, ಏನೇನು ತಯಾರಿ ಬೇಕು?

ಬೆಲ್ಲದಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್, ನಾಲ್ಕನೇ ಮಹಡಿ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಜೊತೆಗೆ ಬೆಲ್ಲ ಮತ್ತು ಕರಿಯ. ಬೆಲ್ಲ ಒಂಬತ್ತು ವರ್ಷದ ಹೆಣ್ಣು ಲ್ಯಾಬ್ರಡಾರ್. ಹಿಂಗಾಲಿನ ಕೀಲು ನೋವು ಶುರುವಾಗಿದೆ, ಮೆಟ್ಟಿಲು ಇಳಿಯುವಾಗ ನಿಂತು ನಿಂತು ನನ್ನ ಮುಖ ನೋಡುತ್ತಾಳೆ. ಕರಿಯ ನಮ್ಮ ಬೀದಿಯಲ್ಲೇ ಹುಟ್ಟಿದವನು, ಮೂರು ವರ್ಷ. ಓಡುವುದು ಅಂದರೆ ಅವನಿಗೆ ಪ್ರಾಣ. ಓಡಲು ಜಾಗವೇ ಇಲ್ಲ.

ನನಗೂ ಗಂಡನಿಗೂ ಮನೆಯಿಂದಲೇ ಕೆಲಸ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಂದು ಹಳೆಯ ಹೆಂಚಿನ ಮನೆ ಲೀಸಿಗೆ ಸಿಗುತ್ತಿದೆ. ಮುಂದೆ ದೊಡ್ಡ ಅಂಗಳ, ಕೆಳಗೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ನೆಟ್ ಬರುತ್ತದೆ, ನೋಡಿಕೊಂಡು ಬಂದೆವು. ಮನಸ್ಸು ಅಲ್ಲೇ ಇದೆ.

ಆದರೆ ಊರಿನವರು ಮೊದಲು ಹೇಳಿದ ಮಾತೇ "ಇಲ್ಲಿ ಚಿರತೆ ನಾಯಿ ಹೊತ್ತುಕೊಂಡು ಹೋಗುತ್ತೆ" ಅಂತ. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಚಿರತೆ, ಉಣ್ಣೆ, ಹಾವು, ಮಳೆ, ಡಾಕ್ಟರು, ಇವೆಲ್ಲ ಹೇಗೆ ನಿಭಾಯಿಸುತ್ತೀರಿ? ಬೆಲ್ಲಳನ್ನು ಈ ವಯಸ್ಸಿನಲ್ಲಿ ಜಾಗ ಬದಲಾಯಿಸುವುದು ಸರಿಯಾ? ಮಳೆಗೆ ಮುಂಚೆ ಹೋಗಬೇಕಾ, ಆಮೇಲಾ? ಅಲ್ಲಿ ಇರುವವರು ಹೇಳಿ.

ತೋಟದಮನೆ

ಬನ್ನಿ ಬನ್ನಿ, ಒಳ್ಳೆ ನಿರ್ಧಾರ. ನಾಯಿಗೆ ಹಳ್ಳಿಯೇ ಸ್ವರ್ಗ.

ಸಾಗರದ ಸೊಸೆ

ಸ್ವರ್ಗ ಅಂತ ಹೇಳಿ ಕಳಿಸಬೇಡಿ ಮಾರಾಯ್ರೆ, ಅವರು ನಂಬಿಕೊಂಡು ಬರುತ್ತಾರೆ.

ಬೆಲ್ಲದಮ್ಮ, ಒಂದೇ ಮಾತು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ನಾಯಿ ಮನೆಯ ಒಳಗೆ. ಜಗಲಿಯಲ್ಲಿ ಅಲ್ಲ, ಕೊಟ್ಟಿಗೆಯಲ್ಲಿ ಅಲ್ಲ. ಬಾಗಿಲು ಹಾಕಿದ ಮನೆಯ ಒಳಗೆ. ನಮ್ಮ ಕಡೆ ಚಿರತೆ ಅಂಗಳಕ್ಕೆ ಬರುತ್ತದೆ. ಬೆಳಗಿನ ಜಾವ ಎದ್ದು ನೋಡಿದರೆ ಹಸಿ ಮಣ್ಣಿನಲ್ಲಿ ಹೆಜ್ಜೆ ಇರುತ್ತದೆ, ಬಚ್ಚಲ ಹಿಂದೆ ಒಂದು ಸುತ್ತು, ಕೊಟ್ಟಿಗೆ ಪಕ್ಕ ಒಂದು ಸುತ್ತು. ಮನುಷ್ಯರ ತಂಟೆಗೆ ಬರುವುದಿಲ್ಲ. ಬರುವುದೇ ನಾಯಿಗೆ.

ಹಗ್ಗ ಹಾಕಿ ಹೊರಗೆ ಕಟ್ಟಿದ ನಾಯಿಯನ್ನೇ ಜಾಸ್ತಿ ಹೊತ್ತೊಯ್ಯುವುದು. ಅದಕ್ಕೆ ಓಡಲೂ ಆಗುವುದಿಲ್ಲ, ಮನೆಯೊಳಗೆ ನುಗ್ಗಲೂ ಆಗುವುದಿಲ್ಲ.

ಅಡಿಕೆಅಜ್ಜ

ನಮ್ಮ ಅಪ್ಪ, ಅಜ್ಜ ಎಲ್ಲ ನಾಯಿಯನ್ನು ಬಿಟ್ಟೇ ಸಾಕಿದವರು. ನಾಯಿ ಇರುವುದೇ ಮನೆ ಕಾಯಲು. ಒಳಗೆ ಮಲಗಿಸಿದರೆ ಹಂದಿ ಬಂದು ತೋಟ ಅಗೆದು ಹೋಗುತ್ತದೆ, ಕೂಗುವವರು ಯಾರು? ಪೇಟೆಯವರು ಎಲ್ಲದಕ್ಕೂ ಹೆದರುತ್ತೀರಿ.

ಸಾಗರದ ಸೊಸೆ

ಅಜ್ಜ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮಾವನವರೂ ಹೀಗೇ ಹೇಳುತ್ತಿದ್ದರು. ಅವರ ಕಾಲದಲ್ಲಿ ಸಾಕಿದ ನಾಯಿಗಳ ಹೆಸರೆಲ್ಲ ಈಗಲೂ ಹೇಳುತ್ತಾರೆ. ಮುದಿಯಾಗಿ ಸತ್ತದ್ದು ಯಾವುದು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಒಂದು ಹೋದರೆ ಇನ್ನೊಂದು ಮರಿ ತರುತ್ತಿದ್ದರು, ಅದೇ ಪದ್ಧತಿ. ಇವರು ಹಾಗೆ ಸಾಕುವವರಲ್ಲ.

ಅಡಿಕೆಅಜ್ಜ

ಅದೂ ನಿಜ ಮಗಳೇ. ನಮ್ಮ ಮನೆಯ ನಾಯಿಗೂಡಿಗೆ ಬಾಗಿಲು ಇತ್ತು, ರಾತ್ರಿ ಅದರೊಳಗೆ ಹಾಕುತ್ತಿದ್ದೆವು. ಕಲ್ಲಿನ ಗೂಡು, ಮೇಲೆ ಚಪ್ಪಡಿ. ಅದನ್ನು ಹೇಳುವುದು ಬಿಟ್ಟುಹೋಯಿತು. ಗೂಡು ಇಲ್ಲದ ಮನೆಯ ನಾಯಿ ಉಳಿಯುತ್ತಿರಲಿಲ್ಲ.

ಕಾಡುಪಾಪ

ಚಿರತೆ ವಿಷಯ ಬಂತಲ್ಲ, ಒಂದು ಮಾಹಿತಿ. ಮಹಾರಾಷ್ಟ್ರದ ಅಹ್ಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಅಕೋಲೆಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಇರುವ ಚಿರತೆಗಳು ಏನು ತಿನ್ನುತ್ತವೆ ಅಂತ ಅಧ್ಯಯನ ಮಾಡಿದ್ದರು. 2014ರಲ್ಲಿ ಪ್ರಕಟವಾಯಿತು. ತೂಕದ ಲೆಕ್ಕದಲ್ಲಿ ಶೇ 39ರಷ್ಟು ನಾಯಿಯೇ. ಆಡು, ದನಕರು ಎಲ್ಲ ಅದರ ನಂತರ. ಹಾಗಾಗಿ ಊರಿನವರು ಹೆದರಿಸಲು ಹೇಳಿದ್ದಲ್ಲ.

ಬೇಲಿ ಹಾಕಿದರೆ ಚಿರತೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಳೆತ್ತರದ ಗೋಡೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬೇಲಿ ಬೇಕಾಗಿರುವುದು ನಿಮ್ಮ ನಾಯಿ ಹೊರಗೆ ಹೋಗದ ಹಾಗೆ. ರಾತ್ರಿಗೆ ಬೇಕಾಗಿರುವುದು ಗಟ್ಟಿ ಬಾಗಿಲು, ಮೇಲೆ ಮುಚ್ಚಿಗೆ.

ಇನ್ನೊಂದು ಮಾತು, ಇದು ಕರಿಯನಿಗೆ. ದಯವಿಟ್ಟು ಅವನನ್ನು ಬೆಟ್ಟಕ್ಕೆ ಬಿಡಬೇಡಿ. ನಾಯಿ ಕಾಡಿಗೆ ನುಗ್ಗಿದರೆ ಕಾಡುಕುರಿ, ಮೊಲ, ಬರ್ಕ (ಪುಟ್ಟ ಜಿಂಕೆ), ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿ ಯಾವುದನ್ನೂ ಬಿಡುವುದಿಲ್ಲ. ಹಿಡಿಯದಿದ್ದರೂ ಓಡಿಸಿ ಓಡಿಸಿ ಸುಸ್ತು ಮಾಡುತ್ತದೆ. ರೋಗವೂ ಹಾಗೇ ಹೋಗುತ್ತದೆ. 2018ರಲ್ಲಿ ಗಿರ್ ಕಾಡಿನ ಸಿಂಹಗಳು ಸತ್ತವಲ್ಲ, ಅದರಲ್ಲಿ ಡಿಸ್ಟೆಂಪರ್ ವೈರಸ್ ಸಿಕ್ಕಿತ್ತು. ನಾಯಿಗಳಲ್ಲಿ ಬರುವ ಅದೇ ಕಾಯಿಲೆ. ನಮ್ಮ ಕಾಡಿನಲ್ಲಿ ಸೀಳುನಾಯಿ ಇವೆ, ಅವಕ್ಕೂ ತಗಲಬಹುದು.

ತೋಟದಮನೆ

ಅಂದರೆ ಹಳ್ಳಿಗೆ ಬಂದೂ ಕಟ್ಟಿಯೇ ಸಾಕಬೇಕಾ? ಹಾಗಿದ್ದರೆ ಬರುವುದಾದರೂ ಯಾಕೆ?

ಕಾಡುಪಾಪ

ಕಟ್ಟಿ ಅಂತ ನಾನು ಹೇಳಲಿಲ್ಲ. ಅಂಗಳ, ಹಿತ್ತಲು ಸೇರಿಸಿ ಅರ್ಧ ಎಕರೆಗೆ ಬೇಲಿ ಹಾಕಿ, ಹಗಲು ಹೊತ್ತು ಅದರೊಳಗೆ ಬಿಡಿ. ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಹೋಲಿಸಿದರೆ ಅದೇನು ಕಮ್ಮಿ ಜಾಗವಾ? ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ತೋಟದ ದಾರಿಯಲ್ಲಿ ಸುತ್ತಾಡಿಸಿ.

ಕೊಪ್ಪದ ಕಾಫಿ

ಕಾಡುಪಾಪ ಹೇಳಿದ್ದಕ್ಕೆ ಸೇರಿಸುತ್ತೇನೆ. ಬಿಟ್ಟ ನಾಯಿಗೆ ಚಿರತೆಗಿಂತ ಮನುಷ್ಯರದ್ದೇ ಜಾಸ್ತಿ ಅಪಾಯ. ಹಂದಿಗೆ ಅಂತ ಉರುಳು ಹಾಕಿರುತ್ತಾರೆ, ತಂತಿಯದ್ದು. ನಾಯಿಯ ಸೊಂಟಕ್ಕೆ ಸಿಕ್ಕಿದರೆ ಎಳೆದಷ್ಟೂ ಬಿಗಿಯುತ್ತದೆ. ಇನ್ನು ಕೆಲವು ಕಡೆ ಹಿಟ್ಟಿನಲ್ಲೋ ಮಾಂಸದಲ್ಲೋ ಸಿಡಿಮದ್ದು ಇಡುತ್ತಾರೆ. ನಮ್ಮ ಪಕ್ಕದ ಎಸ್ಟೇಟಿನ ನಾಯಿ ಅದನ್ನು ಕಚ್ಚಿ ದವಡೆಯೇ ಹೋಯಿತು. ಬೇಲಿಗೆ ನೇರ ಕರೆಂಟು ಕೊಡುವವರೂ ಇದ್ದಾರೆ. ಎಲ್ಲವೂ ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಬರುವ ಮೊದಲು ಅಕ್ಕಪಕ್ಕದ ತೋಟದವರನ್ನು ಕೇಳಿಕೊಳ್ಳಿ, ಯಾರು ಎಲ್ಲಿ ಏನು ಹಾಕುತ್ತಾರೆ ಅಂತ. ಎಲ್ಲರಿಗೂ ಗೊತ್ತಿರುತ್ತದೆ.

ಬೆಲ್ಲದಮ್ಮ

ಸಿಡಿಮದ್ದು ಓದಿ ಕೈ ನಡುಗಿತು. ಕರಿಯ ಬಿದ್ದದ್ದೆಲ್ಲ ಬಾಯಿಗೆ ಹಾಕುತ್ತಾನೆ. ಬೇಲಿ ಖಂಡಿತ. ಜಾಲರಿ ಬೇಲಿ ಸಾಕಾ, ಎಷ್ಟು ಎತ್ತರ?

ವಾರಾಂತ್ಯದ ರೈತ

ಚೈನ್‌ಲಿಂಕ್ ಜಾಲರಿ, ಐದಡಿ. ಆದರೆ ಎತ್ತರಕ್ಕಿಂತ ಬುಡ ನೋಡಿ. ಬೀದಿನಾಯಿ ಹಾರುವುದಕ್ಕಿಂತ ಕೆರೆದು ತೂರುವುದೇ ಜಾಸ್ತಿ. ಜಾಲರಿಯ ಕೆಳಗಿನ ಒಂದಡಿ ಮಣ್ಣಿನಲ್ಲಿ ಹೂಳಿ, ಅಥವಾ ಬುಡಕ್ಕೆ ಸಾಲಾಗಿ ಕಲ್ಲು ಕೂರಿಸಿ. ಮಳೆಯಲ್ಲಿ ಮಣ್ಣು ಕೊಚ್ಚಿ ಹೋಗುವ ಕಡೆ ಸಂದಿ ಆಗುತ್ತದೆ, ಪ್ರತಿ ವಾರ ಒಂದು ಸುತ್ತು ಹಾಕಿ ನೋಡಿ. ಲೀಸಿನ ಮನೆ ಅಂದಿರಿ, ಬೇಲಿ ಖರ್ಚು ಯಾರದ್ದು, ಬಿಡುವಾಗ ಕಿತ್ತುಕೊಂಡು ಹೋಗಬಹುದಾ ಅಂತ ಪತ್ರದಲ್ಲೇ ಬರೆಸಿ.

ಮುದ್ದೆಪ್ರಿಯ

ಲೀಸ್ ಯಾಕೆ, ಜಮೀನೇ ತಗೊಳ್ಳಿ. ಭೂಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದು, ಅದನ್ನು ತಡೆಯುತ್ತಿದ್ದ 79ಎ, 79ಬಿ ಕಲಂ ತೆಗೆದುಹಾಕಿದರಲ್ಲ.

ಸಾಗರದ ಸೊಸೆ

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಮೊದಲು ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಲಿ. ಜಮೀನು ಎಲ್ಲಿಗೂ ಓಡಿಹೋಗುವುದಿಲ್ಲ.

ಪಶುವೈದ್ಯೆ

ನಾನು ಮಲೆನಾಡಿನಲ್ಲೇ ಕೆಲಸ ಮಾಡುವ ಪಶುವೈದ್ಯೆ. ಒಂದೊಂದಾಗಿ ಹೇಳುತ್ತೇನೆ, ನಿಮ್ಮ ಈಗಿನ ಡಾಕ್ಟರ ಜೊತೆಗೂ ಮಾತಾಡಿ.

ಲಸಿಕೆ. ರೇಬಿಸ್ ಮತ್ತು ಡಿಸ್ಟೆಂಪರ್, ಪಾರ್ವೊ ಇರುವ ಲಸಿಕೆ ಹೊರಡುವ ಮೊದಲೇ ಹಾಕಿಸಿ. ಅದರಲ್ಲಿ ಇಲಿಜ್ವರದ ಲಸಿಕೆ ಸೇರಿದೆಯಾ ಅಂತ ಕೇಳಿ. ಗದ್ದೆ, ತೋಟ, ನಿಂತ ನೀರು ಇರುವ ಕಡೆ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಪೇಟೆಯಲ್ಲಿ ಅದನ್ನು ಯಾರೂ ಅಷ್ಟು ತಲೆಗೆ ಹಾಕಿಕೊಳ್ಳುವುದಿಲ್ಲ.

ಉಣ್ಣೆ. ನಮ್ಮ ಆಸ್ಪತ್ರೆಗೆ ಬರುವ ನಾಯಿಗಳಲ್ಲಿ ಬಹಳಷ್ಟು ಉಣ್ಣೆ ಜ್ವರದ್ದೇ. ಅದರಲ್ಲಿ ಒಂದು ಬಗೆ ಎರ್ಲಿಕಿಯಾ, ಅದರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಜ್ವರ ಬರುತ್ತದೆ, ಊಟ ಬಿಡುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ. ಇನ್ನೊಂದು ಬಗೆ ಬೆಬೀಸಿಯಾ, ಅದಾದರೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು, ಒಸಡು ಬಿಳಿಚಿಕೊಳ್ಳುತ್ತದೆ. ದಿನಾ ಒಸಡು ನೋಡುವ ಅಭ್ಯಾಸ ಮಾಡಿಕೊಳ್ಳಿ. ತಡೆಯಲು ಬಾಯಿಗೆ ಕೊಡುವ ಮಾತ್ರೆಗಳಿವೆ. ಫ್ಲುರಾಲಾನರ್ ಸುಮಾರು 12 ವಾರ ಕೆಲಸ ಮಾಡುತ್ತದೆ, ಅಫೊಕ್ಸೊಲಾನರ್ ಒಂದು ತಿಂಗಳು. ಫಿಟ್ಸ್ ಬರುವ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಬೇಕು.

ಒಂದು ಎಚ್ಚರಿಕೆ. ದನದ ಮೈಗೆ ಹಾಕುವ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಸುರಿದು ನಾಯಿಗೆ ಸ್ನಾನ ಮಾಡಿಸುತ್ತಾರೆ. ನಾಯಿ ಮೈ ನೆಕ್ಕುತ್ತದೆ, ಆಮೇಲೆ ಜೊಲ್ಲು, ನಡುಕ. ಯಾರು ಎಷ್ಟೇ ಪ್ರೀತಿಯಿಂದ ಹೇಳಿದರೂ ಮಾಡಬೇಡಿ.

ಬೆಲ್ಲದಮ್ಮ

ಡಾಕ್ಟ್ರೇ, ತುಂಬ ಥ್ಯಾಂಕ್ಸ್. ಉಣ್ಣೆ ಅಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. ನಾಯಿಯಿಂದ ನಮಗೆ ಬರುತ್ತದಾ? ಅತ್ತೆಗೆ ಅದೇ ಭಯ.

ಪಶುವೈದ್ಯೆ

ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ. 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಕಾಡಿನ ಉಣುಗು (ಸಣ್ಣ ಉಣ್ಣೆ) ಕಚ್ಚಿ ಬರುವ ರೋಗ. ನಾಯಿಯನ್ನು ಮುಟ್ಟಿದರೆ, ತಬ್ಬಿದರೆ ಬರುವುದಲ್ಲ. ಆದರೆ ನಾಯಿ ಕಾಡಿನಲ್ಲಿ ದರಗಿನ ಮೇಲೆ ಹೊರಳಾಡಿ ಬಂದರೆ ಮೈಮೇಲೆ ಉಣುಗು ತರುತ್ತದೆ, ಅದೇ ತೊಂದರೆ. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಆ ತಿಂಗಳುಗಳಲ್ಲಿ ಸೊಪ್ಪಿನ ಬೆಟ್ಟಕ್ಕೆ ನೀವೂ ಹೋಗಬೇಡಿ, ನಾಯಿಯೂ ಬೇಡ. ಹೋಗಲೇಬೇಕಾದರೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ಅದು ಮನುಷ್ಯರಿಗೆ ಮಾತ್ರ. ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ ಆಶಾ ಕಾರ್ಯಕರ್ತೆಗೆ ತಕ್ಷಣ ತಿಳಿಸಿ, ಹತ್ತಿರ ಹೋಗಬೇಡಿ.

ಉಣ್ಣೆಯನ್ನು ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಚಿವುಟಬೇಡಿ. ಚಿಮಟ, ಕೈಗವಸು.

ನಾಲ್ಕುಕಾಲು

ಹಾವಿನ ಬಗ್ಗೆ ಯಾರೂ ಹೇಳಲಿಲ್ಲ?

ಪಶುವೈದ್ಯೆ

ಅದಕ್ಕೇ ಬರುತ್ತಿದ್ದೆ. ನಾಯಿಗೆ ಕಚ್ಚುವುದು ಜಾಸ್ತಿ ಮುಖಕ್ಕೆ, ಮುಂಗಾಲಿಗೆ, ಯಾಕೆಂದರೆ ಅದು ಮೂಸಲು ಹೋಗುತ್ತದೆ. ಮುಖ ಒಮ್ಮೆಲೇ ಊದಿಕೊಂಡು, ರಕ್ತ ಒಸರುತ್ತಿದ್ದರೆ ಮಂಡಲದ ಹಾವು ಇರಬಹುದು. ಊತವೇ ಇಲ್ಲದೆ ಕಾಲು ಎಳೆಯುತ್ತಾ, ಕಣ್ಣು ಜೋತುಬಿದ್ದರೆ ಕಟ್ಟುಹಾವು ಇರಬಹುದು. ಎರಡರಲ್ಲೂ ಹೊತ್ತು ಕಳೆಯುವಂತಿಲ್ಲ. ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ನಾಟಿ ಮದ್ದು ಅಂತ ಅಲೆಯಬೇಡಿ. ನಾಯಿಯನ್ನು ನಡೆಸದೆ ಎತ್ತಿಕೊಂಡು ಬನ್ನಿ. ಬೆಲ್ಲ ಮೂವತ್ತು ಕಿಲೋ ಇರಬೇಕು, ಕಂಬಳಿಯಲ್ಲಿ ಇಬ್ಬರು ಹಿಡಿದು ಎತ್ತುವುದು ಈಗಲೇ ಅಭ್ಯಾಸ ಮಾಡಿ.

ಹಾವಿನ ವಿಷಕ್ಕೆ ಕೊಡುವ ನಮ್ಮ ದೇಶದ ಸೀರಂ ಕೆಲಸ ಮಾಡುವುದು ನಾಲ್ಕು ಹಾವಿಗೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮಲೆನಾಡಿನ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ, ಅಲ್ಲಿ ನೋವು, ಊತಕ್ಕೆ ಚಿಕಿತ್ಸೆ ಕೊಟ್ಟು ನೋಡಿಕೊಳ್ಳುವುದೇ. ಹೋದ ತಕ್ಷಣ ಮಾಡಬೇಕಾದ ಕೆಲಸ: ತಾಲೂಕಿನ ಪಶು ಆಸ್ಪತ್ರೆಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಸೀರಂ ಇಟ್ಟಿರುತ್ತಾರಾ, ಇಲ್ಲದಿದ್ದರೆ ಯಾವ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಭಾನುವಾರ ಯಾರನ್ನು ಕರೆಯಬೇಕು, ಎಲ್ಲ ಬರೆದು ಗೋಡೆಗೆ ಅಂಟಿಸಿ.

ಕೊಪ್ಪದ ಕಾಫಿ

ಡಾಕ್ಟರ ವಿಷಯದಲ್ಲಿ ಒಂದು ಕಷ್ಟ ಇದೆ. ತಾಲೂಕು ಮಟ್ಟದಲ್ಲಿ ಬಹುಪಾಲು ದನ, ಎಮ್ಮೆ ನೋಡುವವರು. ಒಳ್ಳೆಯವರೇ, ಆದರೆ ಎಕ್ಸ್‌ರೇ, ಸ್ಕ್ಯಾನಿಂಗ್ ಅಂದರೆ ಶಿವಮೊಗ್ಗಕ್ಕೇ ಹೋಗಬೇಕು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ, ಅದೂ ಮುಖ್ಯವಾಗಿ ದನಕರುಗಳಿಗೆ.

ವಾರಾಂತ್ಯದ ರೈತ

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆಯಲ್ಲ. ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ. ಬೆಂಗಳೂರಿನ ಟ್ರಾಫಿಕ್ಕಲ್ಲಿ ಹೆಬ್ಬಾಳದ ಪಶು ಆಸ್ಪತ್ರೆಗೆ ಹೋಗುವುದಕ್ಕೆ ಹಿಡಿಯುವ ಹೊತ್ತಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಸಾಗರದ ಸೊಸೆ

ಜುಲೈ ರಾತ್ರಿಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದಾಗ ಆ ಲೆಕ್ಕ ನಡೆಯುವುದಿಲ್ಲ ಅಣ್ಣ. ಕಾರು ಯಾವಾಗಲೂ ಹೊರಡುವ ಹಾಗೆ ಇರಬೇಕು, ಪೆಟ್ರೋಲು ತುಂಬಿರಬೇಕು, ಮನೆಯಲ್ಲಿ ಗಾಡಿ ಓಡಿಸುವವರು ಇಬ್ಬರು ಇರಬೇಕು.

ಬಯಲುಸೀಮೆ ಹುಡುಗ

ಇಷ್ಟೆಲ್ಲ ಕಷ್ಟ ಇದ್ದರೆ ನಮ್ಮ ಚಿತ್ರದುರ್ಗ ಕಡೆ ಬನ್ನಿ. ಮಳೆ ಇಲ್ಲ, ಇಂಬಳ (ಜಿಗಣೆ) ಇಲ್ಲ, ಬಿಸಿಲು ಮಾತ್ರ.

ಮುದ್ದೆಪ್ರಿಯ

ಏಪ್ರಿಲ್ ಬಿಸಿಲಿಗೆ ಲ್ಯಾಬ್ರಡಾರ್ ತಡೆಯುತ್ತದಾ? ಮತ್ತೆ ಚಿರತೆ ನಿಮ್ಮಲ್ಲೂ ಇದೆ, ಕರಡಿ ಬೇರೆ.

ಬಯಲುಸೀಮೆ ಹುಡುಗ

ಕರಡಿ ಇದೆ, ಒಪ್ಪಿದೆ. ನಮ್ಮ ಕುರಿಗಾಹಿಗಳ ನಾಯಿ ಕುತ್ತಿಗೆಗೆ ಮುಳ್ಳಿನ ಪಟ್ಟಿ ಹಾಕಿರುತ್ತಾರೆ, ಕಬ್ಬಿಣದ್ದು. ಚಿರತೆಗೆ ಕುತ್ತಿಗೆಗೆ ಬಾಯಿ ಹಾಕಲು ಬಿಡುವುದಿಲ್ಲ. ಕರಿಯನಿಗೆ ಅದನ್ನು ಹಾಕಬಹುದು ಅಲ್ವಾ?

ಕಾಡುಪಾಪ

ಹಾಕಬಹುದು, ಆದರೆ ಅದನ್ನು ನಂಬಿ ರಾತ್ರಿ ಹೊರಗೆ ಬಿಡುವ ಹಾಗಿಲ್ಲ. ಕುರಿಹಟ್ಟಿಯಲ್ಲಿ ನಾಯಿಯ ಜೊತೆ ಜನ ಇರುತ್ತಾರೆ, ಬೆಂಕಿ ಇರುತ್ತದೆ, ಪಕ್ಕದಲ್ಲಿ ಇನ್ನೂ ನಾಯಿಗಳಿರುತ್ತವೆ. ಒಂಟಿ ಮನೆಯ ಅಂಗಳದ ಕಥೆಯೇ ಬೇರೆ.

ಅಡಿಕೆಅಜ್ಜ

ಅಮ್ಮಾ ಬೆಲ್ಲದಮ್ಮ, ತೋಟದ ಒಂದೆರಡು ಮಾತು ನಾನು ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಡ್ರಮ್ಮಿನಲ್ಲಿ ಕಲಸಿ ಇಟ್ಟಿರುತ್ತಾರೆ, ತಿಳಿನೀಲಿ ಬಣ್ಣ. ನಾಯಿ ಅದಕ್ಕೆ ಬಾಯಿ ಹಾಕಬಾರದು, ಮೈಲುತುತ್ತ ವಿಷ. ಔಷಧಿ ಹೊಡೆಯುವ ದಿನ ಯಾವುದು ಅಂತ ತೋಟದ ಯಜಮಾನರನ್ನು ಕೇಳಿಕೊಂಡು ಅವತ್ತು ನಾಯಿಗಳನ್ನು ಒಳಗೆ ಇಡಿ. ಇಲಿ ಪಾಷಾಣ ಎಲ್ಲಿ ಇಡುತ್ತಾರೆ ಅಂತಲೂ ಕೇಳಿ.

ತೋಟದಲ್ಲಿ ಕೋಕೋ ಗಿಡ ಇದೆಯಾ?

ಬೆಲ್ಲದಮ್ಮ

ಇದೆ ಅಜ್ಜ! ಅಡಿಕೆ ಮಧ್ಯೆ ಇದೆ, ಕೆಂಪು ಹಳದಿ ಕಾಯಿ ನೋಡಿದ್ದೆ.

ಪಶುವೈದ್ಯೆ

ಅಜ್ಜ ಸರಿಯಾಗಿ ಕೇಳಿದರು. ಚಾಕೊಲೇಟ್ ನಾಯಿಗೆ ಯಾಕೆ ಆಗುವುದಿಲ್ಲವೋ ಅದೇ ಥಿಯೋಬ್ರೊಮಿನ್ ಕೋಕೋ ಬೀಜದಲ್ಲಿದೆ. ಕಾಯಿ ಒಡೆದು ಬೀಜ ಹುಳಿ ಬರಿಸಲು, ಒಣಗಿಸಲು ಇಟ್ಟ ಕಡೆ ನಾಯಿ ಹೋಗಬಾರದು. ಸಿಹಿ ಲೋಳೆ ಇರುವುದರಿಂದ ನೆಕ್ಕಲು ಹೋಗುತ್ತವೆ. ವಾಂತಿ, ಚಡಪಡಿಕೆ, ಎದೆ ಹೊಡೆದುಕೊಳ್ಳುವುದು ಕಂಡರೆ ಕಾಯಬೇಡಿ.

ತೋಟದಮನೆ

ಹಲಸಿನ ಹಣ್ಣು? ನಮ್ಮನೆ ನಾಯಿ ಮರದ ಕೆಳಗೇ ಕಾದು ಕೂತಿರುತ್ತದೆ. ಹಣ್ಣು ಬಿದ್ದ ಸದ್ದು ಕೇಳಿದರೆ ನಮಗಿಂತ ಮೊದಲು ಅದೇ ಹಾಜರು.

ಸಾಗರದ ಸೊಸೆ

ನಮ್ಮದೂ ಹಾಗೇ! ಗಟ್ಟಿ ತೊಳೆಯ ಬಕ್ಕೆ ಬೇಡ, ಮೆತ್ತನೆಯ ಅಂಬಲಿ ಹಣ್ಣೇ ಬೇಕು ಅದಕ್ಕೆ.

ಪಶುವೈದ್ಯೆ

ತೊಳೆ ಒಂದೆರಡು ಪರವಾಗಿಲ್ಲ. ಬೀಜ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು, ಲ್ಯಾಬ್ರಡಾರ್‌ಗಳು ಅಗಿಯದೆ ನುಂಗುತ್ತವೆ. ಬೀಜ ತೆಗೆದು ಕೊಡಿ.

ಬೆಲ್ಲದಮ್ಮ

ಊಟದ ವಿಷಯ ಬಂದದ್ದಕ್ಕೆ ಕೇಳುತ್ತೇನೆ. ಮನೆಯ ಯಜಮಾನರು ಒಂದೇ ಷರತ್ತು ಹಾಕಿದ್ದಾರೆ, ಮನೆಯಲ್ಲಿ ಮೊಟ್ಟೆ ಮಾಂಸ ಬೇಯಿಸಬಾರದು. ಅವರ ದೇವರ ಕೋಣೆ ಅಲ್ಲೇ ಇದೆ, ಹಬ್ಬಕ್ಕೆ ಬಂದು ಪೂಜೆ ಮಾಡುತ್ತಾರೆ. ನಮಗೆ ತೊಂದರೆ ಇಲ್ಲ. ನಾಯಿಗಳಿಗೆ ವಾರಕ್ಕೆ ಮೂರು ನಾಲ್ಕು ಸಲ ಕೋಳಿ ಬೇಯಿಸಿ ಹಾಕುವ ರೂಢಿ.

ನಾಲ್ಕುಕಾಲು

ನಾಯಿಗೆ ಮಾಂಸ ಕೊಡಲೇಬೇಕು. ಬೇರೆ ಮನೆ ನೋಡಿ.

ವಾರಾಂತ್ಯದ ರೈತ

ಅಷ್ಟಕ್ಕೇ ಮನೆ ಬಿಡುವುದಾ? ನಾಯಿಯ ಒಣ ತಿಂಡಿ ಚೀಲ ಇಡಬಾರದು ಅಂತ ಅವರು ಹೇಳಿಲ್ಲವಲ್ಲ. ನೇರವಾಗಿ ಕೇಳಿ. ಕದ್ದುಮುಚ್ಚಿ ಮಾಡಬೇಡಿ, ಹಳ್ಳಿಯಲ್ಲಿ ಯಾವುದೂ ಮುಚ್ಚಿಡಲು ಆಗುವುದಿಲ್ಲ, ನಂಬಿಕೆ ಹೋದರೆ ಮತ್ತೆ ಬರುವುದಿಲ್ಲ.

ಅಡಿಕೆಅಜ್ಜ

ಹೊರಗೆ ಕೊಟ್ಟಿಗೆ ಪಕ್ಕ ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಂಡರೆ ಒಪ್ಪುವ ಯಜಮಾನರು ಇದ್ದಾರೆ. ಮರ್ಯಾದೆಯಾಗಿ ಕೇಳಿದರೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ನಾಯಿಗೆ ಅನ್ನ ಮಜ್ಜಿಗೆಯೇ. ಆದರೆ ಅದು ಹುಟ್ಟಿದಾಗಿನಿಂದ ರೂಢಿ.

ಬೆಲ್ಲದಮ್ಮ

ಕೇಳುತ್ತೇನೆ ಅಜ್ಜ. ಮಳೆಗಾಲದ ಬಗ್ಗೆ ಹೇಳಿ. ಆಗುಂಬೆಗೆ ಹತ್ತಿರ ಅಂದರೆ ಮಳೆ ಹೇಗಿರುತ್ತದೆ ಅಂತ ಊಹಿಸಬಲ್ಲೆ. ಬೆಲ್ಲಳ ಕಿವಿ ಮೊದಲೇ ಸೂಕ್ಷ್ಮ.

ಸಾಗರದ ಸೊಸೆ

ಊಹಿಸಲು ಆಗುವುದಿಲ್ಲ ಅಕ್ಕ, ನೋಡಲೇಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ಗೆ. ಬಟ್ಟೆ ಒಣಗುವುದಿಲ್ಲ, ನಾಯಿಯ ಹಾಸಿಗೆ ಒಣಗುವುದಿಲ್ಲ, ಕೂದಲಿನ ಬುಡ ಒಣಗುವುದಿಲ್ಲ. ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲು ನೋಡಿ, ಮೇಲೆ ಒಣಗಿದ ಹಾಗೆ ಕಾಣುತ್ತದೆ, ಬೆರಳು ಹಾಕಿದರೆ ಒಳಗೆ ತಣ್ಣಗೆ ಒದ್ದೆ. ಅಲ್ಲೇ ಹುಣ್ಣಾಗುವುದು, ವಾಸನೆ ಬರುವುದು.

ಇದಕ್ಕೆ ಒಂದೇ ಮದ್ದು, ಬಚ್ಚಲ ಒಲೆ. ಹಳೆಯ ಮನೆ ಅಂದಿರಿ, ಹಂಡೆ ಒಲೆ ಇದ್ದೇ ಇರುತ್ತದೆ. ಹೊರಗೆ ಹೋಗಿ ಬಂದ ತಕ್ಷಣ ಹಳೆ ಪಂಚೆಯಲ್ಲಿ ಒರೆಸಿ ಒಲೆ ಮುಂದೆ ಕೂರಿಸಿ. ಕೆಂಡ ಇರುವ ತನಕ ಬೆಲ್ಲ ಅಲ್ಲಿಂದ ಏಳುವುದಿಲ್ಲ. ಕೀಲು ನೋವಿಗೂ ಆ ಬಿಸಿ ಒಳ್ಳೆಯದು. ತೀರಾ ಹತ್ತಿರ ಬಿಡಬೇಡಿ, ಕಿಡಿ ಹಾರುತ್ತದೆ. ಕಿವಿ ಮಡಚಿ ಒಳಗೆ ಹತ್ತಿಯಿಂದ ಒರೆಸಿ. ಬೆರಳ ಸಂದಿ ಮರೆಯಬೇಡಿ, ಇಂಬಳ ಅಲ್ಲೇ ಕೂತಿರುತ್ತದೆ. ಉಪ್ಪು ಹಾಕಿದರೆ ಬಿಡುತ್ತದೆ.

ಕೊಪ್ಪದ ಕಾಫಿ

ಹಳ್ಳದ ನೀರು ಕುಡಿಸಬೇಡಿ. ಮೂಗಿನೊಳಗೆ ಜಿಗಣೆ ಹೋಗಿ ಕೂರುತ್ತದೆ. ಒಂದೇ ಹೊಳ್ಳೆಯಿಂದ ಆಗಾಗ ರಕ್ತ, ಸೀನು. ದನಗಳಿಗೂ ಆಗುತ್ತದೆ.

ಪಶುವೈದ್ಯೆ

ಹೌದು. ಅದನ್ನು ಉಣ್ಣೆ ಜ್ವರದ ರಕ್ತ ಅಂತ ತಿಳಿದು ಮಾತ್ರೆ ಕೊಡುತ್ತಾ ಕೂರಬೇಡಿ, ತೋರಿಸಿ.

ಬೆಲ್ಲಳ ವಯಸ್ಸಿನ ಬಗ್ಗೆ ಕೇಳಿದ್ದಿರಿ. ಒಂಬತ್ತು ವರ್ಷದ ಲ್ಯಾಬ್ರಡಾರ್ ಜಾಗ ಬದಲಾದರೆ ಒಗ್ಗಿಕೊಳ್ಳುತ್ತದೆ, ಮನೆಯವರು ಜೊತೆಗಿದ್ದರೆ. ನಾಲ್ಕು ಮಹಡಿ ಮೆಟ್ಟಿಲಿಗಿಂತ ಅಂಗಳ ಸಾವಿರ ಪಾಲು ವಾಸಿ. ಹಳೆ ಮನೆಯ ನುಣುಪು ಕಾವಿ ನೆಲ ಮಾತ್ರ ಅವಳಿಗೆ ಜಾರುತ್ತದೆ. ಅವಳು ಓಡಾಡುವ ದಾರಿಗೆ ಚಾಪೆ, ಗೋಣಿ ಹಾಸಿ. ಜಗಲಿ ಎತ್ತರ ಇದ್ದರೆ ಹಲಗೆಯ ಇಳಿಜಾರು ಮಾಡಿಸಿ. ಹೋಗುವ ಮೊದಲು ಒಮ್ಮೆ ಪೂರ್ತಿ ರಕ್ತ ಪರೀಕ್ಷೆ, ಸೊಂಟದ ಎಕ್ಸ್‌ರೇ ಬೆಂಗಳೂರಿನಲ್ಲೇ ಮಾಡಿಸಿ, ಪ್ರತಿಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ತೋಟದಮನೆ

ಹಾಗಾದರೆ ಏಪ್ರಿಲ್‌ನಲ್ಲೇ ಬನ್ನಿ. ಮಳೆ ಹಿಡಿಯುವ ಮೊದಲು ನಾಯಿಗಳಿಗೆ ಜಾಗ ರೂಢಿ ಆಗುತ್ತದೆ.

ಪಶುವೈದ್ಯೆ

ನಾನು ಒಪ್ಪುವುದಿಲ್ಲ. ಏಪ್ರಿಲ್ ಅಂದರೆ ಉಣುಗಿನ ಕಾಲ, ಆಮೇಲೆ ಗುಡುಗು ಸಿಡಿಲು, ನೇರ ಮಳೆಗಾಲ. ಬೇಲಿ ಕೆಲಸವೂ ಮುಗಿದಿರುವುದಿಲ್ಲ. ಮಳೆ ಕಳೆದ ಮೇಲೆ ಬಂದರೆ ನೆಲ ಒಣಗಿರುತ್ತದೆ, ರಸ್ತೆ ತೆರೆದಿರುತ್ತದೆ.

ವಾರಾಂತ್ಯದ ರೈತ

ದಸರಾ ಆದ ಮೇಲೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾಗುತ್ತದೆ ಡಾಕ್ಟ್ರೇ. ಜನ ಬಂದು ಹೋಗುತ್ತಾರೆ, ಅಡಿಕೆ ಗಾಡಿ ಬರುತ್ತದೆ, ಗೇಟು ತೆರೆದೇ ಇರುತ್ತದೆ. ಹೊಸ ನಾಯಿ ಗಾಬರಿಯಾಗಿ ಓಡಿಬಿಡುತ್ತದೆ.

ಪಶುವೈದ್ಯೆ

ಅದು ಒಳ್ಳೆ ಮಾತು. ಆದರೂ ಗೇಟಿಗೆ ಇನ್ನೊಂದು ಒಳಗೇಟು ಹಾಕಿಸಬಹುದು. ಜುಲೈ ಮಳೆಯನ್ನು ತಡೆಯಲು ಏನು ಹಾಕಿಸುತ್ತೀರಿ?

ನಾಲ್ಕುಕಾಲು

ನನಗೆ ಒಂದು ವಿಷಯ ಹೇಳಬೇಕು, ಯಾರಿಗೂ ಬೇಜಾರಾಗಬಾರದು. 2020ರಲ್ಲಿ ಕೊರೊನಾ ಬಂದಾಗ ನಮ್ಮೂರಿಗೆ ಎಷ್ಟೋ ಜನ ಪೇಟೆಯಿಂದ ನಾಯಿ ಸಮೇತ ಬಂದರು. ಆಫೀಸು ಕರೆದಾಗ ಹೋದರು. ನಾಯಿಗಳು ಉಳಿದವು. ಒಂದು ಬಿಳಿ ಪೊಮೇರಿಯನ್ ಬಸ್‌ಸ್ಟ್ಯಾಂಡಿನಲ್ಲಿ ಪ್ರತಿ ಕಾರಿನ ಹಿಂದೆ ಓಡುತ್ತಿತ್ತು. ಮಳೆ ಶುರುವಾದ ಮೇಲೆ ಅದು ಕಾಣಲಿಲ್ಲ. ಬೆಲ್ಲದಮ್ಮ ಅಂಥವರಲ್ಲ ಅಂತ ಗೊತ್ತು. ಆದರೆ ಇದನ್ನು ಓದುವ ಬೇರೆಯವರು ದಯವಿಟ್ಟು ನೆನಪಿಟ್ಟುಕೊಳ್ಳಿ. ವಾಪಸ್ ಬರಬೇಕಾಗಿ ಬಂದರೆ ನಾಯಿಗೂ ಜಾಗ ಇರುವ ಮನೆ ಸಿಗುತ್ತದಾ ಅಂತ ಹೋಗುವ ಮೊದಲೇ ಯೋಚಿಸಿ.

ಬೆಲ್ಲದಮ್ಮ

ಆ ಪೊಮೇರಿಯನ್ ಕಥೆ ಓದಿ ಅಳು ಬಂತು. ನಮ್ಮ ಬೆಂಗಳೂರಿನ ಫ್ಲಾಟ್ ಸ್ವಂತದ್ದು, ಅದನ್ನು ಒಂದು ವರ್ಷ ಬಾಡಿಗೆಗೆ ಕೊಡದೆ ಇಡುವುದು ಅಂತ ನಿನ್ನೆಯೇ ತೀರ್ಮಾನ ಮಾಡಿದೆವು. ಬರುವುದಾದರೂ ಹೋಗುವುದಾದರೂ ಐದು ಜನ ಒಟ್ಟಿಗೆ.

ಕೊಪ್ಪದ ಕಾಫಿ

ಕರಿಯ ಪಟಾಕಿಗೆ ಹೆದರುತ್ತಾನಾ?

ಬೆಲ್ಲದಮ್ಮ

ತುಂಬ. ದೀಪಾವಳಿಯಲ್ಲಿ ಮಂಚದ ಕೆಳಗಿಂದ ಬರುವುದಿಲ್ಲ. ಹಳ್ಳಿಯಲ್ಲಿ ಆ ಕಾಟ ಇಲ್ಲ ಅಂತಲೇ ಒಂದು ಸಮಾಧಾನ.

ಕೊಪ್ಪದ ಕಾಫಿ

ಇದೆ. ಮಂಗ ಓಡಿಸಲು ತೋಟದಲ್ಲಿ ಪಟಾಕಿ ಹೊಡೆಯುತ್ತಾರೆ, ಬೆಳಿಗ್ಗೆಯೇ ಶುರು. ಮನೆಯ ಮಧ್ಯದ ಕೋಣೆಯಲ್ಲಿ ಅವನಿಗೆ ಒಂದು ಮೂಲೆ ಮಾಡಿಕೊಡಿ. ಪಕ್ಕದವರ ಜೊತೆ ಚೆನ್ನಾಗಿದ್ದರೆ ಹೊಡೆಯುವ ಮೊದಲು ಒಂದು ಕೂಗು ಹಾಕುತ್ತಾರೆ. ನಮ್ಮ ಪಕ್ಕದವರು ಹಾಗೇ ಮಾಡುತ್ತಾರೆ.

ಅಡಿಕೆಅಜ್ಜ

ಪಕ್ಕದವರ ಕೋಳಿ, ಕರುವಿನ ತಂಟೆಗೆ ನಾಯಿ ಹೋಗದಿದ್ದರೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಒಂದು ಕೋಳಿ ಹಿಡಿದರೂ ಊರೆಲ್ಲ ಮಾತು. ಮೊದಲ ದಿನವೇ ನಾಯಿಗಳನ್ನು ಹಗ್ಗದಲ್ಲಿ ಹಿಡಿದು ನಾಲ್ಕು ಮನೆಗೆ ಹೋಗಿ ಬನ್ನಿ. ಇದು ನಮ್ಮ ನಾಯಿ, ತಪ್ಪಿಸಿಕೊಂಡು ಬಂದರೆ ಫೋನ್ ಮಾಡಿ ಅಂತ ಹೇಳಿ.

ಬೆಲ್ಲದಮ್ಮ

ಅಜ್ಜ, ಸೊಸೆ ಅಕ್ಕ, ಡಾಕ್ಟ್ರು, ಎಲ್ಲರಿಗೂ ಕೈ ಮುಗಿಯುತ್ತೇನೆ. 

ಮನೆಯಲ್ಲಿ ಕೂತು ಮಾತಾಡಿದೆವು. ಈ ಬೇಸಿಗೆಯಲ್ಲಿ ಬೇಲಿ, ಒಳಗೇಟು, ಜಗಲಿಗೆ ಇಳಿಜಾರು ಮಾಡಿಸುತ್ತೇವೆ. ಮಳೆಗಾಲದಲ್ಲಿ ನಾಯಿ ಇಲ್ಲದೆ ನಾನೊಬ್ಬಳೇ ಒಂದು ವಾರ ಹೋಗಿ ಇದ್ದು, ಮನೆ ಎಲ್ಲಿ ಸೋರುತ್ತದೆ, ರಸ್ತೆ ಹೇಗಿರುತ್ತದೆ ನೋಡುತ್ತೇನೆ. ಎಲ್ಲರೂ ಹೋಗುವುದು ನವೆಂಬರ್‌ನಲ್ಲಿ, ದೀಪಾವಳಿ ಕಳೆದ ಮೇಲೆ. ಕೊಯ್ಲಿನ ದಿನಗಳಲ್ಲಿ ಕರಿಯ ಒಳಗೇ. ಸೊಪ್ಪಿನ ಬೆಟ್ಟದ ಕಡೆಯ ಹಿಂಬಾಗಿಲಿಗೆ ಬೀಗ. ಮಾಂಸದ ಒಲೆ ಬಗ್ಗೆ ಯಜಮಾನರನ್ನು ಕೇಳಿದೆ, ಕೊಟ್ಟಿಗೆಯಿಂದ ಆಚೆ ಮಾಡಿಕೊಳ್ಳಿ, ನಾಯಿಗೆ ತಾನೆ ಅಂದರು.

ಕೊನೆಯ ಪ್ರಶ್ನೆ. ಕಾರಿನಲ್ಲಿ ಅಷ್ಟು ದೂರ ಕರಿಯ ಯಾವತ್ತೂ ಬಂದಿಲ್ಲ.

ವಾರಾಂತ್ಯದ ರೈತ

ಬೆಳಗಿನ ಜಾವ ಹೊರಡಿ. ಹೊಟ್ಟೆ ಖಾಲಿ ಇರಲಿ, ನೀರು ಮಾತ್ರ ಸ್ವಲ್ಪ ಸ್ವಲ್ಪ. ತುಮಕೂರು ದಾಟಿದ ಮೇಲೆ ಒಮ್ಮೆ, ಕಡೂರು ಹತ್ತಿರ ಒಮ್ಮೆ ನಿಲ್ಲಿಸಿ. ಈಗಿನಿಂದಲೇ ವಾರಕ್ಕೊಮ್ಮೆ ನೆಲಮಂಗಲದ ತನಕ ಕರೆದುಕೊಂಡು ಹೋಗಿ ಬನ್ನಿ, ರೂಢಿಯಾಗುತ್ತದೆ.

ಸಾಗರದ ಸೊಸೆ

ಕಾರಿನ ಬಾಗಿಲು ತೆಗೆಯುವ ಮೊದಲು ಹಗ್ಗ ಕೈಯಲ್ಲಿ ಇರಲಿ. ಗಾಬರಿಯಾದ ನಾಯಿ ಹೆದ್ದಾರಿಗೆ ಹಾರಿಬಿಡುತ್ತದೆ. ಹೊಸ ಮನೆಯಲ್ಲೂ ಮೊದಲ ಕೆಲವು ವಾರ ಬೇಲಿಯೊಳಗೂ ಉದ್ದ ಹಗ್ಗದಲ್ಲೇ ಬಿಡಿ, ವಾಸನೆ ಪರಿಚಯ ಆಗುವ ತನಕ. ಕುತ್ತಿಗೆ ಪಟ್ಟಿಗೆ ಫೋನ್ ನಂಬರ್ ಬರೆದ ಬಿಲ್ಲೆಯನ್ನು ಬೆಂಗಳೂರಿನಲ್ಲೇ ಹಾಕಿಸಿ ಹೊರಡಿ. ನಿಮ್ಮ ನಂಬರ್ ಒಂದೇ ಸಾಲದು, ಅಲ್ಲಿ ನೆಟ್‌ವರ್ಕ್ ಹೋದರೆ ಸಿಗುವುದಿಲ್ಲ. ಪಕ್ಕದ ಮನೆಯವರ ಲ್ಯಾಂಡ್‌ಲೈನ್ ಇದ್ದರೆ ಅದನ್ನೂ ಕೇಳಿ ಬರೆಸಿ.

ಬೆಲ್ಲದಮ್ಮ

ಲ್ಯಾಂಡ್‌ಲೈನ್ ಇದೆ ಅಕ್ಕ, ಪಕ್ಕದ ಮನೆಯ ಅಮ್ಮ ಅವತ್ತೇ ಕೊಟ್ಟಿದ್ದಾರೆ. ಬಿಲ್ಲೆಗೆ ಇವತ್ತೇ ಹೇಳುತ್ತೇನೆ.